ಟಿಟ್ಟವ್ವ ಕಿರುಚಲು ಕಲಿತದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ನದಿಗೆ ಹರಿಯುವ ದಾರಿ ರೂಢಿಯಾಗಿರಲಿಲ್ಲ. ಇವತ್ತು ಈ ಕಡೆ, ನಾಳೆ ಆ ಕಡೆ. ಗಾಳಿಗೆ ಕಂಡಕಂಡವರ ಜೊತೆ ಮಾತು ಬೇಕು. ಹಕ್ಕಿಗಳು ಮೊಟ್ಟಮೊದಲ ಸಲ ಮನೆ ಮಾಡಿಕೊಳ್ಳುತ್ತಿದ್ದವು.

ಆ ನದಿಯ ದಂಡೆಯಲ್ಲಿ ಟಿಟ್ಟವ್ವ ಅಂತ ಒಂದು ಟಿಟ್ಟಿಭ ಹಕ್ಕಿ ಇದ್ದಳು. ಉದ್ದನೆಯ ಹಳದಿ ಕಾಲು, ಕೆಂಪು ಕೊಕ್ಕು. ನಂಬುತ್ತೀಯೋ ಇಲ್ಲವೋ ಮಗಾ, ಆಗ ಅವಳಷ್ಟು ಮೆತ್ತಗೆ ಮಾತಾಡುವವರು ಇಡೀ ದಂಡೆಯಲ್ಲೇ ಇರಲಿಲ್ಲ. ಅವಳ ಜೀವದ ಗೆಳೆಯ ಗೀಜಣ್ಣ, ಗೂಡು ನೇಯುವ ಗೀಜಗ. ಅವನು ಮರದ ಮೇಲಿನ ಸುದ್ದಿ ತರುತ್ತಿದ್ದ, ಇವಳು ನೆಲದ ಸುದ್ದಿ ಹೇಳುತ್ತಿದ್ದಳು. ಹೊತ್ತು ಹೋದದ್ದೇ ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಹಕ್ಕಿಗಳಲ್ಲಿ ಆಗ ಒಂದು ಪದ್ಧತಿ. ಯಾರು ಮನೆ ಮಾಡಿದರೂ ನೆರೆಹೊರೆಯವರನ್ನು ಕರೆಯಬೇಕು. ಬಂದವರು ಗೂಡಿನಲ್ಲಿ ಕೂತು, ಒಂದು ಸುತ್ತು ತಿರುಗಿ, "ಮನೆ ಚೆನ್ನಾಗಿದೆ" ಅನ್ನಬೇಕು.

ಗೀಜಣ್ಣನ ಗೂಡು ಆಗ ಬಟ್ಟಲಿನ ಹಾಗಿತ್ತು, ಬಾಯಿ ಮೇಲಕ್ಕೆ. ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗೆ ತೂಗುತ್ತಿತ್ತು. ಎಲ್ಲರೂ ಕೂತರು, ತಿರುಗಿದರು, ಹೊಗಳಿದರು. ಟಿಟ್ಟವ್ವನ ಕಾಲಿಗೆ ಕೊಂಬೆ ಹಿಡಿಯುವಂಥ ಹಿಂಬೆರಳಿಲ್ಲ. ಅವಳು ಕೆಳಗೇ ನಿಂತು ಕತ್ತೆತ್ತಿ, "ಮನೆ ಚೆನ್ನಾಗಿದೆ ಗೀಜಣ್ಣ" ಅಂದಳು. ಮನಸಾರೆ ಅಂದಳು.

ಆಮೇಲೆ ಟಿಟ್ಟವ್ವ ಕರೆದಳು. ಎಲ್ಲರೂ ಬಂದರು.

"ಎಲ್ಲೇ ಮನೆ?" ಅಂದ ಗೀಜಣ್ಣ.

"ನಿನ್ನ ಕಾಲ ಮುಂದೇ ಇದೆಯಲ್ಲ!"

ಬೆಣಚುಕಲ್ಲುಗಳ ನಡುವೆ ಅಂಗೈಯಗಲದ ಒಂದು ತಗ್ಗು. ಅದರಲ್ಲಿ ನಾಲ್ಕು ಮೊಟ್ಟೆ. ಕಲ್ಲಿನದೇ ಬಣ್ಣ, ಕಲ್ಲಿನದೇ ಚುಕ್ಕೆ.

"ಅಯ್ಯೋ ಪಾಪ!" ಅಂದ ಗೀಜಣ್ಣ. "ಒಂದು ಹುಲ್ಲುಕಡ್ಡಿಯೂ ಇಲ್ಲವಲ್ಲೇ! ಪಾಪ, ಇವಳಿಗೆ ಕಟ್ಟೋಕೆ ಬರಲ್ಲ."

"ಪಾಪ, ಪಾಪ" ಅಂದವು ಉಳಿದ ಹಕ್ಕಿಗಳೂ. ಮನೆ ಚೆನ್ನಾಗಿದೆ ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ.

ಟಿಟ್ಟವ್ವನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸಿಟ್ಟು ನುಂಗಿಕೊಂಡು ಹೇಳಿದಳು: "ಕಟ್ಟೋಕೆ ಬರಲ್ಲ ಅಂತಲ್ಲ ಗೀಜಣ್ಣ, ನನಗೆ ಬೇಡ. ನನ್ನ ಮಕ್ಕಳು ಹುಟ್ಟಿದ ದಿನವೇ ಎದ್ದು ನಡೀತಾವೆ. ಅವಕ್ಕೆ ನೆಲ ಬೇಕು."

ಗೀಜಣ್ಣ ಹೂಂ ಹೂಂ ಅಂತ ತಲೆಯಾಡಿಸಿದ. ಕೇಳಿಸಿಕೊಂಡನೇ? ಎಲ್ಲಿ ಕೇಳಿಸಿಕೊಂಡ! ಅವನು ಆಗಲೇ ಮನಸ್ಸಿನಲ್ಲಿ ಹುಲ್ಲು ಸೀಳುತ್ತಿದ್ದ.

ಕೆಲವು ದಿನ ಕಳೆಯಿತು. ಮೊಟ್ಟೆಗಳ ಒಳಗಿಂದ ಟುಕ್ ಟುಕ್ ಅಂತ ಕುಟ್ಟುವ ಸದ್ದು ಶುರುವಾಯಿತು. ಅವತ್ತು ಬಿಸಿಲು ಚುರುಗುಟ್ಟುತ್ತಿತ್ತು. ಮೊಟ್ಟೆಗಳು ಕಾದಾವು ಅಂತ ಟಿಟ್ಟವ್ವ ಹೊಟ್ಟೆಯ ಗರಿ ನೆನೆಸಿಕೊಂಡು ಬರಲು ನದಿಗೆ ಓಡಿದಳು. ಒದ್ದೆ ಹೊಟ್ಟೆ ಹೊತ್ತು ವಾಪಸು ಬಂದು ನೋಡುತ್ತಾಳೆ, ತಗ್ಗು ಖಾಲಿ!

"ನನ್ನ ಮಕ್ಕಳೆಲ್ಲಿ?"

"ಮೇಲೆ ನೋಡು" ಅಂತು ಗಾಳಿ.

ಜಾಲಿಯ ಕೊಂಬೆಗೆ ಹೊಸದೊಂದು ಗೂಡು ತೂಗುತ್ತಿತ್ತು. ಪಕ್ಕದಲ್ಲೇ ಗೀಜಣ್ಣ ಎದೆಯುಬ್ಬಿಸಿ ಕೂತಿದ್ದ.

"ನಿನಗೋಸ್ಕರವೇ ನೇಯ್ದೆ ಕಣೇ! ಎಳೇ ಹುಲ್ಲು, ಮೆತ್ತನೆ ಹಾಸಿಗೆ. ಹೆಜ್ಜಾರ್ಲೆ ಮಾವ ತನ್ನ ಚೀಲದಂಥ ಕೊಕ್ಕಿನಲ್ಲಿ ನಾಲ್ಕೂ ಮೊಟ್ಟೆ ತಂದಿಟ್ಟ. ಮೀನು ಹಿಡಿಯೋಕೆ ಆಚೆ ದಡಕ್ಕೆ ಹೋದ. ಹೇಗಿದೆ ಮನೆ?"

"ನನ್ನ ಕೇಳಿದೆಯಾ?" ಅಂದಳು ಟಿಟ್ಟವ್ವ. "ಒಂದು ಮಾತು ಕೇಳಿದೆಯಾ?"

"ಒಳ್ಳೇದಕ್ಕೇ ತಾನೇ ಮಾಡಿದ್ದು! ಸಂತೋಷಪಡೋದು ಬಿಟ್ಟು ಹೀಗೆ ಮುಖ ಕೆಂಪಗೆ ಮಾಡ್ತೀಯಲ್ಲ!"

ಕೇಳಿದೆಯಾ ಮಗಾ, ಅವನ ಮಾತನ್ನ? ಮೈ ಪರಚಿಕೊಳ್ಳಬೇಕು ಅನ್ನಿಸುತ್ತೆ! ಟಿಟ್ಟವ್ವ ಹಾರಿ ಕೊಂಬೆ ಹಿಡಿಯಲು ಹೋದಳು. ಕಾಲು ಜಾರಿತು. ಮತ್ತೆ ಹಾರಿದಳು, ಮತ್ತೆ ಜಾರಿತು. ಗೂಡಿನಲ್ಲಿ ಚಿಪ್ಪುಗಳು ಒಡೆಯುವ ಸದ್ದು. ನಾಲ್ಕು ಪುಟ್ಟ ತಲೆಗಳು ಮೇಲೆದ್ದವು.

"ಇಳಿಸೋ ಅವನ್ನ!" ಅಂದಳು.

"ನನ್ನ ಕೈಲಾಗಲ್ಲವಲ್ಲೇ, ನನಗಿಂತ ಭಾರ..." ಅಂದ ಗೀಜಣ್ಣ.

ಮೊದಲ ಮರಿಗೆ ಮೈ ಆರಿತು. ಅದು ಎದ್ದು ನಿಂತಿತು. ಟಿಟ್ಟಿಭದ ಮರಿಯಲ್ಲವೇ, ನಡೆಯಬೇಕು ಅಂತ ಒಂದು ಹೆಜ್ಜೆ ಇಟ್ಟಿತು. ನೆಲ ಎಲ್ಲಿದೆ? ಗೂಡಿನ ಅಂಚು ದಾಟಿ ನೇರ ನೀರಿಗೆ ಬಿತ್ತು. ನೀರು ಮುಚ್ಚಿಕೊಂಡಿತು.

"ನನಗೆ ಗೊತ್ತಾಗಲಿಲ್ಲವ್ವಾ, ಎಲೆ ಬಿತ್ತು ಅಂದ್ಕೊಂಡೆ" ಅಂತ ನದಿ ಅತ್ತಿತು.

ಎರಡನೆಯ ಮರಿ ಎದ್ದು ನಿಂತಿತು.

ಆಗ ಟಿಟ್ಟವ್ವ ಕಿರುಚಿದಳು. ಅಷ್ಟು ದಿನ ನುಂಗಿದ ಸಿಟ್ಟು, ಅಷ್ಟು ಪಾಪ ಪಾಪ, ಹೋದ ಮಗುವಿನ ಸಂಕಟ, ಎಲ್ಲ ಒಟ್ಟಿಗೆ ಹೊರಗೆ ಬಂತು. ಟಿಟ್ಟಿಟ್ಟೀ! ಟಿಟ್ಟಿಟ್ಟೀ! ನದಿ ಬೆಚ್ಚಿತು. ಮೂರು ಮರಿಗಳು ಇದ್ದಲ್ಲೇ ಮುದುಡಿ, ಕಲ್ಲಾದ ಹಾಗೆ ಕೂತುಬಿಟ್ಟವು.

"ಗೂಡು ತೂಗಬೇಡ, ನಿಲ್ಲು!" ಅಂತ ಗಾಳಿಗೂ ಗದರಿದಳು.

"ನಿಂತರೆ ನಾನು ಗಾಳಿಯೇ ಅಲ್ಲ ಟಿಟ್ಟವ್ವ. ಬೇಕಾದರೆ ಆಚೆ ಹೋಗ್ತೀನಿ" ಅಂತು ಗಾಳಿ. ಹೋಗುವಾಗ ಅವಳ ಕೂಗನ್ನೂ ಹೊತ್ತುಕೊಂಡು ಹೋಯಿತು. ಆಚೆ ದಡದಲ್ಲಿ ಹೆಜ್ಜಾರ್ಲೆ ಮಾವ ಬಾಯಲ್ಲಿದ್ದ ಮೀನು ಬಿಟ್ಟು ದಡಬಡಿಸಿ ಹಾರಿಬಂದ. ಅಷ್ಟು ಹೊತ್ತೂ ಟಿಟ್ಟವ್ವ ಕಿರುಚುತ್ತಲೇ ಇದ್ದಳು. ಗಂಟಲು ಹರಿದರೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮರಿಗಳು ನಡೆಯುತ್ತವೆ!

ಮೂರನ್ನೂ ಮಾವ ಕಲ್ಲುಗಳ ನಡುವೆ ಇಳಿಸಿದ. ಅವು ಎದ್ದು, ಮೈ ಕೊಡವಿ, ಓಡಾಡತೊಡಗಿದವು.

"ತಪ್ಪಾಯ್ತು ಕಣೇ" ಅಂತ ಗೀಜಣ್ಣ ನೆಲಕ್ಕೆ ಇಳಿದುಬಂದ. "ನಿನಗೆ ಏನೂ ಇಲ್ಲ ಅಂದ್ಕೊಂಡಿದ್ದೆ."

"ನನಗೆ ಎಲ್ಲ ಇತ್ತು" ಅಂದಳು ಟಿಟ್ಟವ್ವ. "ನಾಲ್ಕು ಇತ್ತು. ಈಗ ಮೂರು. ದೂರ ನಿಂತು ಮಾತಾಡು ಗೀಜಣ್ಣ. ನಾನು ಬಾ ಅಂದಾಗ ಬಾ."

ಅವನು ದೂರ ನಿಂತ. ಅವತ್ತೇ ತನ್ನ ಗೂಡಿನ ಬಾಯನ್ನು ಕೆಳಕ್ಕೆ ತಿರುಗಿಸಿ, ಉದ್ದ ಕೊಳವೆ ಇಳಿಬಿಟ್ಟು ನೇಯ್ದ, ಇನ್ನೊಬ್ಬರ ಮೊಟ್ಟೆಯನ್ನು ಅದರಲ್ಲಿ ಇಡುವ ಬುದ್ಧಿ ತನಗೇ ಮತ್ತೆ ಬಾರದಿರಲಿ ಅಂತ. ಗೀಜಗದ ಗೂಡು ಇವತ್ತಿಗೂ ಹಾಗೇ ತೂಗುತ್ತದೆ.

ಟಿಟ್ಟವ್ವನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಕೆರೆಯಂಗಳದಲ್ಲೋ ಹೊಲದಲ್ಲೋ ನೀನು ನಡೆಯುವಾಗ ಅವಳು ತಲೆಯ ಮೇಲೆ ಸುತ್ತುತ್ತಾ ಟಿಟ್ಟಿಟ್ಟೀ ಅಂತ ಬೈದರೆ ಅಲ್ಲೇ ನಿಲ್ಲು, ಕಾಲಿಟ್ಟಲ್ಲಿ ನೋಡಿಕೊಂಡು ಹಿಂದಕ್ಕೆ ಬಾ ಮಗಾ, ನಿನ್ನ ಪಾದದ ಪಕ್ಕದಲ್ಲಿರುವ ಕಲ್ಲಿಗೆ ಕಣ್ಣಿರಬಹುದು.