ದಿಬ್ಬ ತೆಗೆಯುವ ಹೊತ್ತು

"ಮುಟ್ಟಿದರೆ ಓಡುವುದನ್ನು ಉಳಿಸಿಕೊಳ್ಳುವುದು ಹೇಗೆ, ಗುರುಗಳೇ?" ಎಂದು ಕೊಟ್ರವ್ವ ಕೇಳಿದಳು.

ಗುರುಗಳೆಂದರೆ ಮರುಳಸಿದ್ಧಯ್ಯನವರು. ಊರ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು. ಈಗ ಸೋಮವಾರದ ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು, ಬಂದವರಿಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ. ಶಾಲೆಗೂ ಗುಡಿಗೂ ಅವರ ಬಳಿ ಇದ್ದದ್ದು ಒಂದೇ ಕತೆಗಳ ಬುಟ್ಟಿ. ಕೊಟ್ರವ್ವ ಅವರ ಕೈಯಲ್ಲೇ ಕಲಿತವಳು.

"ಯಾವುದು ಓಡುತ್ತದವ್ವ?" ಎಂದರು ಗುರುಗಳು.

ಕೊಟ್ರವ್ವ ಹೇಳಿದಳು. ಅವಳು ಅದೇ ಊರಲ್ಲಿ ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಆಕೆ ಬಿಟ್ಟುಹೋದ ಮಗಳು ನೀಲಮ್ಮನಿಗೆ ಹನ್ನೊಂದು ವರ್ಷ. ಕೊಟ್ರವ್ವನಿಗೆ ಆ ಹುಡುಗಿ ಎಂದರೆ ಜೀವ. ಹುಡುಗಿಗೆ ಮಾತ್ರ ಇವಳ ಕೈ ತಾಗಿದರೆ ಆಗದು. ತಲೆ ಬಾಚಲು ಕರೆದರೆ ಕೂಗಾಟ, ಉಣ್ಣಲು ಕರೆದರೆ ಕೂಗಾಟ. ಬರುವ ಗುರುವಾರ ಹುಡುಗಿಯ ಸೋದರಮಾವ ಬರುತ್ತಾನೆ. ಅವಳನ್ನು ಕರೆದೊಯ್ದು ತನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತಾನಂತೆ. ಹುಡುಗಿ ಆಗಲೇ ಬಟ್ಟೆ ಮಡಿಸಿಟ್ಟಿದ್ದಾಳೆ.

"ಹೋದರೆ ಮತ್ತೆ ಬರುವುದಿಲ್ಲ, ಗುರುಗಳೇ. ನಾನೂ ಸುಮ್ಮನೆ ಬಿಟ್ಟಿಲ್ಲ. ಅವಳು ಕೂಗಿ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ತಪ್ಪಾಯಿತು ಅನ್ನುವ ತನಕ ಬಿಡುವುದಿಲ್ಲ."

"ಅನ್ನುತ್ತಾಳೋ?"

"ಅನ್ನುತ್ತಾಳೆ. ಅಂದ ಮೇಲೆ ಕೂಗಾಟ ಮೊದಲಿಗಿಂತ ಜೋರು."

ಗುರುಗಳು ನಕ್ಕರು. ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಒಂದು ಅಣುವನ್ನು ಹಿಡಿದು ನಿಲ್ಲಿಸಬೇಕೆಂಬುದು ಅವಳ ಆಸೆ. ಬೆಳಗ್ಗೆ ದನದ ಕೊಟ್ಟಿಗೆಗೆ ಹೋದರೆ ಮೂಗಿಗೆ ಹೊಡೆಯುತ್ತದಲ್ಲ, ಆ ಅಮೋನಿಯಾದ ಅಣು. ಕಣ್ಣಿಗೆ ಕಾಣದು. ಓಟ ಮಾತ್ರ ಬಂದೂಕಿನ ಗುಂಡಿನದು. ಅಣುಗಳಿಗೆ ಓಟವೇ ಕಾವು. ಓಟ ಕುಂದಿದಷ್ಟೂ ತಂಪು. ಡಬ್ಬಿಯಲ್ಲಿ ಮುಚ್ಚಿಟ್ಟು ತಣಿಸೋಣವೆಂದರೆ ಡಬ್ಬಿಯ ಗೋಡೆಗೂ ತನ್ನದೇ ಕಾವು ಇರುತ್ತದೆ. ಗೋಡೆ ತಾಗಿದ ಕೂಡಲೇ ಆ ಕಾವು ಅಣುವಿಗೆ ಹತ್ತಿ, ಮತ್ತೆ ಓಟ. ಆದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ.

ಮುಟ್ಟದೆ ಹಿಡಿಯಲು ಒಂದು ದಾರಿ ಇತ್ತು. ಆ ಅಣುವಿನ ಒಂದು ಕಡೆ ಕೊಂಚ ಧನ ವಿದ್ಯುದಂಶ, ಇನ್ನೊಂದು ಕಡೆ ಕೊಂಚ ಋಣ. ಎರಡೂ ಕಡೆ ಸಮವಿಲ್ಲ. ಸಮವಿಲ್ಲದ್ದರಿಂದಲೇ ಅದು ವಿದ್ಯುತ್ತಿನ ಮಾತು ಕೇಳುತ್ತದೆ. ಎಲ್ಲ ಕಡೆಯೂ ಸಮವಾಗಿದ್ದರೆ ವಿದ್ಯುತ್ತಿಗೆ ಹಿಡಿತವೇ ಸಿಗುತ್ತಿರಲಿಲ್ಲ.

ಹಾಗಿದ್ದರೆ ಯಾವ ಕಡೆಯೂ ಸಮವಿಲ್ಲದ ನಮ್ಮ ಹುಡುಗಿಯನ್ನು ಹಿಡಿಯುವುದು ಸುಲಭವಾಗಬೇಕಿತ್ತು ಎಂದುಕೊಂಡಳು ಕೊಟ್ರವ್ವ.

ಸಂಶೋಧಕಿ ಗಾಳಿ ತೆಗೆದ ಉದ್ದನೆಯ ಕೊಳವೆಯೊಳಗೆ ಲೋಹದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ನೂರು ಕಡೆ ನಿಲ್ಲಿಸಿದಳು. ಕಡ್ಡಿಗಳಿಗೆ ವಿದ್ಯುತ್ತು ಕೊಟ್ಟರೆ ಅಣುವಿನ ಪಾಲಿಗೆ ಅಲ್ಲೊಂದು ದಿಬ್ಬ ಎದ್ದಂತೆ. ದಿಬ್ಬ ಹತ್ತುವಾಗ ಅಣುವಿನ ಓಟ ಕೊಂಚ ಕುಂದಬೇಕು. ನೂರು ದಿಬ್ಬ ಹತ್ತುವಷ್ಟರಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ. ದಿಬ್ಬಗಳನ್ನು ಎತ್ತರಿಸಿದಳು. ಅಣು ಬಂದ ವೇಗದಲ್ಲೇ ಆಚೆ ಹೋಯಿತು. ಹೀಗೆ ಎರಡು ವರ್ಷ ಕಳೆಯಿತು. ಈ ತಿಂಗಳಿಗೆ ಈ ಕೆಲಸ ಸಾಕು ಎಂದು ಮೇಲಿನವರು ಹೇಳಿಕಳಿಸಿದರು.

ಅವಳಿಗೆ ಗಾಜಿನ ಕೊಳವೆ ಊದಿಕೊಡುವವನೊಬ್ಬ ಇದ್ದ. ಅವನು ಕೇಳಿದ, "ಅಕ್ಕಾರೇ, ದಿಬ್ಬ ಹತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ?"

"ಆಚೆ ಇಳಿಯುತ್ತದಪ್ಪ."

"ಹತ್ತುವಾಗ ಕಳಕೊಂಡದ್ದು ಇಳಿಯುವಾಗ ವಾಪಸ್ ಬಂತಲ್ಲ. ನೀವು ಅದಕ್ಕೆ ದಿನಾ ಕಸರತ್ತು ಮಾಡಿಸ್ತಿದ್ದೀರಿ, ಅಷ್ಟೆ. ಇನ್ನೆರಡು ವರ್ಷಕ್ಕೆ ಪೈಲ್ವಾನ ಆಗುತ್ತೆ ನೋಡಿ."

ಸಂಶೋಧಕಿಗೆ ಅದು ಗೊತ್ತಿಲ್ಲದ್ದೇನಲ್ಲ. ಅಣು ತುದಿಗೆ ಬಂದಾಗ ವಿದ್ಯುತ್ತು ತೆಗೆಯಬೇಕು. ಆಗ ಇಳಿಯಲು ದಿಬ್ಬವೇ ಇರುವುದಿಲ್ಲ, ಕಳೆದ ಓಟ ಕಳೆದೇ ಹೋಗುತ್ತದೆ. ಇದನ್ನು ಅವಳು ಮೊದಲ ದಿನವೇ ಬರೆದಿಟ್ಟಿದ್ದಳು. ಆದರೆ ಯಂತ್ರಕ್ಕೆ ಹೊತ್ತು ಗೊತ್ತುಮಾಡುವಾಗ ಆಸೆ ಅಡ್ಡ ಬಂದಿತ್ತು. ಇನ್ನೂ ಒಂದಿಷ್ಟು ತಡೆದರೆ ಇನ್ನೂ ಒಂದಿಷ್ಟು ಕುಂದೀತು ಎಂದು ಪ್ರತಿ ದಿಬ್ಬದಲ್ಲೂ ಕೂದಲೆಳೆಯಷ್ಟು ತಡ ಮಾಡಿದ್ದಳು. ಅಷ್ಟರಲ್ಲಿ ಅಣು ತುದಿ ದಾಟಿ ಇಳಿದೇ ಬಿಟ್ಟಿರುತ್ತಿತ್ತು. ಬಿಟ್ಟರೆ ಓಡೀತೆಂಬ ಭಯದಿಂದ ಅವಳೇ ಅದನ್ನು ಓಡಿಸುತ್ತಿದ್ದಳು.

ಆಮೇಲೆ ಅವಳು ದಿಬ್ಬಗಳನ್ನು ತಗ್ಗಿಸಲೂ ಇಲ್ಲ, ಎತ್ತರಿಸಲೂ ಇಲ್ಲ. ತೆಗೆಯುವ ಹೊತ್ತನ್ನು ಮಾತ್ರ ತುಸು ಮುಂಚೆ ಇಟ್ಟಳು. ಅಣು ಹತ್ತಿತು, ತುದಿಯಲ್ಲಿ ದಿಬ್ಬವೇ ಮಾಯ. ಮತ್ತೊಂದು ಹತ್ತಿತು, ಅದೂ ಮಾಯ. ನೂರನೆಯದು ಮುಗಿದಾಗ ಬಂದೂಕಿನ ಗುಂಡು ಎಳೆಗರುವಿನ ನಡಿಗೆಗೆ ಇಳಿದಿತ್ತು. ಕೊಳವೆಯ ಕೊನೆಯಲ್ಲಿ ಸುತ್ತಲೂ ವಿದ್ಯುತ್ತಿನ ದಿಬ್ಬ, ನಡುವೆ ಒಂದು ತಗ್ಗು. ಅಣು ಆ ತಗ್ಗಿಗೆ ಬಂದು, ಯಾವ ಗೋಡೆಯನ್ನೂ ತಾಗದೆ, ಒಂದು ಉಸಿರಿನಷ್ಟು ಹೊತ್ತು ಉಳಿಯಿತು.

"ಇಷ್ಟೇನಾ ಅಕ್ಕಾರೇ?" ಎಂದನಂತೆ ಗಾಜಿನವನು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರವ್ವನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ನಾನು ಅಡ್ಡ ನಿಲ್ಲಲೇಬಾರದೇ? ಅವಳು ಕೂಗಿದ್ದಕ್ಕೆಲ್ಲ ಹೂಂ ಅನ್ನಬೇಕೇ?"

"ದಿಬ್ಬವೇ ಇಲ್ಲದಿದ್ದರೆ ಓಟ ಕುಂದುವುದೆಲ್ಲಿಂದ? ನಿಲ್ಲು ತಾಯಿ, ನಿಲ್ಲಬೇಕು. ತುದಿಯ ತನಕ ಮಾತ್ರ."

"ತುದಿ ಬಂತೆಂದು ನನಗೆ ತಿಳಿಯುವುದು ಹೇಗೆ? ನನ್ನ ಹತ್ತಿರ ಯಂತ್ರವಿದೆಯೇ?"

ಗುರುಗಳು ಅವಳ ಕಡೆಗೆ ಪ್ರೀತಿಯಿಂದ ನೋಡಿದರು.

"ಕೂಗಿ ಕೂಗಿ ಸಾಕಾಗಿ ಆ ಕೂಸು ಒಂದು ಗಳಿಗೆ ಸುಮ್ಮನೆ ನಿನ್ನ ಮುಖ ನೋಡುತ್ತದಲ್ಲವ್ವ, ಆಗ ನೀನು ಏನು ಹೇಳುತ್ತೀ?"

"ಆಗಲೇ, 'ತಪ್ಪಾಯಿತು ಅನ್ನು' ಅನ್ನುತ್ತೇನೆ, ಗುರುಗಳೇ," ಎಂದಳು ಕೊಟ್ರವ್ವ.