ದುಂಡ್ಮಾದ ಕೂರಿಸಿದ ಸಭೆ

ಹತ್ರ ಬನ್ನಿ, ಗೋಡೆ ಕಡೆ ಬೆನ್ನು ಹಾಕ್ಕೊಂಡು ಕೂತ್ಕೊಳ್ಳಿ. ಹಿಂದುಗಡೆ ಜಾಗ ಖಾಲಿ ಬಿಡ್ಬೇಡಿ. ಹೇಳ್ತೀನಿ.

ಒಂದೂರಲ್ಲಿ ಒಂದು ಆಸ್ಪತ್ರೆ. ಆಸ್ಪತ್ರೇಲಿ ಪುಟ್ಟಚೆನ್ನಮ್ಮ ಅಂತ ಒಬ್ಬಳು ಆಯಾ. ಅವಳಿಗೆ ಒಬ್ಬನೇ ಮಗ, ದುಂಡ್ಮಾದ. ಹೇಳಿದ್ದು ಹೇಳಿದಂಗೇ ಮಾಡ್ತಿದ್ದ. ಅದೇ ತೊಂದ್ರೆ. "ಬಾಗಿಲು ನೋಡ್ಕೋ" ಅಂದ್ರೆ ಸಂಜೆವರೆಗೂ ಬಾಗಿಲನ್ನೇ ನೋಡೋನು. ಅವನ ಬೆನ್ನ ಹಿಂದೇನೇ ಕೋಳಿ ಕದ್ಕೊಂಡು ಹೋದ್ರು.

ಪುಟ್ಟಚೆನ್ನಮ್ಮ ರಿಟೈರ್ ಆಗೋಕೆ ಇನ್ನೊಂದು ತಿಂಗಳಿತ್ತು. ಹೆಡ್ ನರ್ಸ್ ಫಿಲೋಮಿನಾ ಸಿಸ್ಟರ್ ಕೈ ಹಿಡ್ಕೊಂಡ್ಳು.

"ತಾಯಿ, ನಾನು ಕಣ್ಮುಚ್ಚಿದ್ರೆ ಇವನಿಗೆ ಅನ್ನ ಹಾಕೋರಿಲ್ಲ. ನನ್ನ ಜಾಗಕ್ಕೆ ಇವನ್ನ ಇಟ್ಕಳ್ಳಿ!"

ಸಿಸ್ಟರ್ ಯೋಚಿಸಿದ್ರು. "ಒಂದು ಕೆಲಸ ಕೊಡ್ತೀನಿ. ಮೇಲಿಂದ ಆರ್ಡರ್ ಬಂದೈತೆ. ಜನ ಕೂರಿಸಿ, ನಮ್ಮ ಆಸ್ಪತ್ರೆ ಹೆಂಗೈತೆ ಅಂತ ಅವರ ಬಾಯಿಂದಾನೇ ಕೇಳಿ ಬರೀಬೇಕಂತೆ. ಫೋಕಸ್ ಗ್ರೂಪ್ ಅಂತಾರೆ. ಬುಧವಾರ ಬುಧವಾರ ಮೂರು ಸಭೆ. ಮೂರರಲ್ಲಿ ಒಂದಾದ್ರೂ ಸರಿ ಹೋದ್ರೆ ಕೆಲಸ ಇವನದು. ಇಲ್ದಿದ್ರೆ ಇಲ್ಲ. ಲೋ ಮಾದ! ಎಂಟು ಜನ ಕೂರಿಸು, ಟೀ ಕೊಡು, ಅವರು ಹೇಳಿದ್ದು ಬರ್ಕೋ."

"ಅಷ್ಟೇ ತಾನೆ? ಆಯ್ತು!"

ಮೊದಲ್ನೇ ಬುಧವಾರ ಬಸ್‌ಸ್ಟ್ಯಾಂಡಿಗೆ ಹೋದ. ಎಂಟು ಜನ ನಿಂತಿದ್ರು. ಎಂಟೂ ಜನಾನ ಕರ್ಕೊಂಡು ಬಂದು ಕೂರಿಸಿದ. ಟೀ ಕುಡಿದ್ರು, ಎರಡು ಗಂಟೆ ಮಾತಾಡಿದ್ರು. ಸಿಸ್ಟರ್ ಪುಸ್ತಕ ತೆಗೆದು ನೋಡಿದ್ರೆ: ಕೊಳ್ಳೇಗಾಲದ ಬಸ್ಸು ಟೈಮಿಗೆ ಬರಲ್ಲ. ಕಿಟಕಿ ಮುಚ್ಚಲ್ಲ. ಕಂಡಕ್ಟರ್ ಮುಖ ಸಿಂಡರಿಸ್ತಾನೆ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ!" ಅಂತ ಅವ್ವ ತಲೆ ಚಚ್ಕೊಂಡ್ಳು.

"ಲೋ, ಕಾಯಿಲೆ ಮನುಷ್ಯರನ್ನ ಕೂರಿಸೋ! ನಮ್ಮ ಮಂಚದ ಮೇಲೆ ಮಲಗಿರೋರ್ನ!" ಅಂದ್ರು ಸಿಸ್ಟರ್.

"ಅಷ್ಟೇ ತಾನೆ? ಆಯ್ತು!"

ಎರಡನೇ ಬುಧವಾರ ಎಂಟು ಮಂಚ ತಳ್ಕೊಂಡು ಬಂದ. ಗ್ಲೂಕೋಸ್ ಬಾಟ್ಲಿ ಸಮೇತ. ಇಂಜೆಕ್ಷನ್ ಟ್ರೇ ಹಿಡ್ಕೊಂಡು ಸಿಸ್ಟರ್ ಬಾಗಿಲಲ್ಲೇ ನಿಂತಿದ್ರು. ರೋಗಿಗಳು ಟ್ರೇ ನೋಡಿದ್ರು, ಸೂಜಿ ನೋಡಿದ್ರು.

"ಊಟ ಹೆಂಗೈತೆ?" "ಅಮೃತ!"

"ಹಾಸಿಗೆ?" "ಹೂವು!"

"ಸಿಸ್ಟರು?" "ದೇವ್ರು!"

ಎಂಟನೇವನಿಗೆ ಆಪರೇಷನ್ ಆಗಿ ಇನ್ನೂ ಎಚ್ಚರ ಬಂದಿರಲಿಲ್ಲ. ದುಂಡ್ಮಾದ ಬರ್ಕೊಂಡ: ಇವರದೇನೂ ದೂರಿಲ್ಲ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ರುಬ್ಬುಗುಂಡೇ!"

ಸಿಸ್ಟರಿಗೆ ಕೋಪ ನೆತ್ತಿಗೇರ್ತು. "ಸೂಜಿ ಮುಂದೆ ಯಾರೋ ನಿಜ ಹೇಳ್ತಾರೆ? ನಮ್ಮ ಭಯ ಇಲ್ದೇ ಇರೋರು, ವಾಸಿಯಾಗಿ ಮನೆಗೆ ಹೋದೋರು ಬೇಕು ಕಣೋ! ತಗೋ ಈ ರಿಜಿಸ್ಟರ್. ಮೊದಲ ಹಾಳೆಯಿಂದ ಸಾಲಾಗಿ ಎಂಟು ಹೆಸರು. ಒಬ್ಬರನ್ನೂ ಬಿಡ್ಬೇಡ. ನೀನಾಗಿ ಯೋಚನೆ ಮಾಡ್ಬೇಡ! ಇದೇ ಕೊನೇ ಬುಧವಾರ!"

ಕೋಪದಲ್ಲಿ ಬೀರುವಿಂದ ಎಳೆದು ಕೊಟ್ರು. ಕಪ್ಪು ರಟ್ಟಿನ ರಿಜಿಸ್ಟರ್. ಅದು ಯಾವ ರಿಜಿಸ್ಟರ್ ಅಂತ ಅವರು ನೋಡಲಿಲ್ಲ. ಇವನು ನೋಡಿದ. ಯೋಚನೆ ಮಾಡ್ಬೇಡ ಅಂದಿದ್ರಲ್ಲ, ಮಾಡಲಿಲ್ಲ.

ಅವ್ವನೂ ಒಂದು ಬುದ್ಧಿ ಹೇಳಿದ್ಳು. "ಬೀದೀಲಿ ನಿಂತು ಕೂಗ್ಬೇಡ ಮಗಾ. ಅವರವರು ಇರೋ ಜಾಗಕ್ಕೇ ಹೋಗು. ಕುಂಕುಮ ಇಡು, ಅಕ್ಷತೆ ಇಡು, ಹೆಸರು ಹಿಡ್ದು 'ಬರಲೇಬೇಕು' ಅನ್ನು. ಹಂಗೆ ಕರೆದ್ರೆ ಯಾರೂ ಬರದೆ ಇರಲ್ಲ."

"ಅಷ್ಟೇ ತಾನೆ? ಆಯ್ತು!"

ಮೊದಲ್ನೇ ಹೆಸರು ಕರಿನಾಯ್ಕ. ಮನೆ ಮುಂದೆ ಅವನ ಹೆಂಡ್ತಿ ರಾಗಿ ಕೇರ್ತಿದ್ಳು.

"ಕರಿನಾಯ್ಕರು ಮನೇಲವ್ರಾ?"

ಮೊರ ನಿಲ್ಲಿಸಿದ್ಳು. "ಅವರೆಲ್ಲವ್ರಪ್ಪ... ಕೆರೆ ಆಚೆ ಮಣ್ಣಲ್ಲಿ ಮಲಗಿ ಆರು ತಿಂಗಳಾಯ್ತು."

"ಅಷ್ಟೇ ತಾನೆ? ಅಲ್ಲಿಗೇ ಹೋಯ್ತೀನಿ."

ಹೋದ. ಹೊಸ್ತಿಲು ಹುಡುಕಿದ, ಇರಲಿಲ್ಲ. ತಲೆ ಕಡೆ ಕಲ್ಲಿಗೆ ಕುಂಕುಮ ಇಟ್ಟ, ಮಣ್ಣ ಮೇಲೆ ಅಕ್ಷತೆ ಇಟ್ಟ. "ಕರಿನಾಯ್ಕರೇ! ಬುಧವಾರ ಹನ್ನೆರಡು ಗಂಟೆಗೆ ಆಸ್ಪತ್ರೇಲಿ ಸಭೆ. ಬರಲೇಬೇಕು. ಬರದಿದ್ರೆ ನನ್ನ ಕೆಲಸ ಹೋಯ್ತದೆ."

ಗಾಳಿ ಇರಲಿಲ್ಲ. ಅಕ್ಕಿಕಾಳು ಒಂದೊಂದೇ ಮಣ್ಣೊಳಕ್ಕೆ ಇಳಿದ್ವು.

"ಒಪ್ಕೊಂಡ್ರು," ಅಂದ ದುಂಡ್ಮಾದ. ಇನ್ನೊಂದು ಕಲ್ಲಿಗೆ ಹೋದ. ಹಿಂಗೇ ಎಂಟು ಕಲ್ಲು.

ಮೂರನೇ ಬುಧವಾರ. ಮಟಮಟ ಮಧ್ಯಾಹ್ನ. ಬೇವಿನ ಮರದಲ್ಲಿ ಕಾಗೆ ಕೂಗ್ತಿತ್ತು, ಹನ್ನೆರಡು ಹೊಡೆದ ತಕ್ಷಣ ನಿಲ್ಲಿಸ್ತು. ಅವ್ವ ಬಾಗಿಲ ಸಂದೀಲಿ ಇಣುಕಿದ್ಳು. ಎಂಟು ಕುರ್ಚಿ ಖಾಲಿ. ಎಂಟು ಲೋಟ ಟೀ. ಮಗ ಒಂದೊಂದೇ ಕುರ್ಚಿ ಕಡೆ ತಿರುಗ್ತಾನೆ, ತಲೆ ಆಡಿಸ್ತಾನೆ, "ನಿಧಾನಕ್ಕೆ ಹೇಳಿ ಯಜಮಾನ್ರೇ" ಅಂತಾನೆ, ಬರೀತಾನೆ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಬೀಸೋಕಲ್ಲೇ! ಖಾಲಿ ಕುರ್ಚಿಗೆ ಟೀ ಕೊಡ್ತಾವ್ನಲ್ಲಪ್ಪಾ!"

ಸಿಸ್ಟರ್ ಓಡಿ ಬಂದ್ರು. "ಮುಗೀತು! ಎದ್ದೇಳೋ ಆಚೆಗೆ!" ಪುಸ್ತಕ ಕಿತ್ಕೊಂಡ್ರು. ಹರಿದು ಹಾಕೋಕೆ ಅಂತ ತೆಗೆದ್ರು. ಕಣ್ಣು ಬಿತ್ತು. ಓದಿದ್ರು.

*ಕರಿನಾಯ್ಕ: ಬೆಲ್ಲು ಒತ್ತಿದೆ. ಬೆಳಗಾಗೋವರೆಗೂ ಒತ್ತಿದೆ. ಬೆಲ್ಲಿಗೆ ವೈರೇ ಇರಲಿಲ್ಲ.*

*ತಾಯಮ್ಮಣ್ಣಿ: ನೀರು ಕೇಳ್ದೆ. ಬಂದೆ ಅಂದ್ರು. ಇನ್ನೂ ಬಂದಿಲ್ಲ.*

*ಮುನಿಸ್ವಾಮಿ: ಫಿಲೋಮಿನಾ ಸಿಸ್ಟರ್ ಕೊನೇಗೆ ನನ್ನ ಕೈ ಹಿಡ್ಕೊಂಡು ತಪ್ಪಾಯ್ತು ಅಂದ್ರು. ಕೇಳಿಸ್ತು ಅಂತ ಹೇಳೋಕಾಗ್ಲಿಲ್ಲ. ಕೇಳಿಸ್ತು.*

ಸಿಸ್ಟರ್ ಗೋಡೆ ಹಿಡ್ಕೊಂಡ್ರು. ಆ ಮಾತು ಹೇಳಿದಾಗ ರೂಮಲ್ಲಿ ಅವರಿಬ್ಬರೇ ಇದ್ದಿದ್ದು.

ಲೋಟ ನೋಡಿದ್ರು. ಎಂಟೂ ಅರ್ಧ ಆಗಿತ್ತು.

"ಮಾದ," ಅಂದ್ರು ಸಿಸ್ಟರ್. "ಕೆಲಸ ನಿನ್ದೇ. ನಾಳೆಯಿಂದಾನೇ. ಬೆಲ್ಲಿಗೆ ಇವತ್ತೇ ವೈರ್ ಹಾಕಿಸ್ತೀನಿ ಅಂತ ಹೇಳು. ಹೇಳ್ಬುಟ್ಟು... ಇವರನ್ನ ಕಳಿಸಪ್ಪಾ."

ಪುಟ್ಟಚೆನ್ನಮ್ಮನ ಕಣ್ಣಲ್ಲಿ ನೀರು ಬಂತು. ಮಗನಿಗೆ ಕೆಲಸ ಆಯ್ತಲ್ಲ! ಆದ್ರೂ ಸಿಸ್ಟರನ್ನೂ ಅವನನ್ನೂ ಬಾಗಿಲಾಚೆಗೆ ಎಳ್ಕೊಂಡ್ಳು. ಮಗನ ಕಿವೀಲಿ ಪಿಸುಗುಟ್ಟಿದ್ಳು. "ಕರೆದೋರ್ನ ಅಟ್ಟಬಾರದು ಕಣೋ, ಮುನಿಸ್ಕೋತಾರೆ. ಮದುವೆ ಮನೇಲಿ ನೆಂಟರನ್ನ ಹೆಂಗೆ ಕಳಿಸ್ತೀವಿ? ಹಂಗೆ ಕಳಿಸು. ಒಂದು ಮಾತೂ ಕಮ್ಮಿ ಮಾಡ್ಬೇಡ!"

"ಅಷ್ಟೇ ತಾನೆ? ಆಯ್ತು!"

ಒಳಗೆ ಹೋದ. ವೈರಿನ ವಿಷಯ ಹೇಳಿದ. ಕುರ್ಚಿ ಕುರ್ಚಿಗೂ ಎಲೆ ಅಡಿಕೆ ಇಟ್ಟ. ಬಗ್ಗಿ ಕೈ ಮುಗಿದ. ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಹೊರಗೆ ನಿಂತಿದ್ದ ಇಬ್ಬರ ಪಕ್ಕದಲ್ಲೂ ತಣ್ಣಗೆ ಏನೋ ಹಾದು ಹೋಯ್ತು, ಒಂದಲ್ಲ, ಎಂಟು ಸಲ.

"ಹೋದ್ರಾ?" ಅಂದ್ರು ಸಿಸ್ಟರ್.

"ಹೋದ್ರು ಸಿಸ್ಟರ್."

"ಏನಂತ ಹೇಳಿ ಕಳಿಸ್ದೆ ಮಗಾ?" ಅಂದ್ಳು ಅವ್ವ.

"ಮದುವೆ ಮನೇಲಿ ಹೇಳ್ದಂಗೇ ಅವ್ವ. 'ಇದೇನ್ರೀ ನೀವು ನೀವೇ ಬಂದ್ಬುಟ್ರಿ! ಮುಂದಿನ ಸಲ ಹೆಂಡ್ತಿ ಮಕ್ಕಳು ಎಲ್ಲರನ್ನೂ ಕರ್ಕೊಂಡು ಬರಬೇಕು' ಅಂದೆ."

ಅವ್ವ ಅವನ ತೋಳು ಹಿಡ್ಕೊಂಡ್ಳು. "ಅದಕ್ಕೆ... ಅದಕ್ಕೆ ಅವರೇನಂದ್ರೋ?"

ದುಂಡ್ಮಾದ ಖುಷಿಯಾಗಿ ನಕ್ಕ.

"ತುಂಬಾ ಒಳ್ಳೇ ಜನ ಅವ್ವ! 'ಮುಂದಿನ ಬುಧವಾರದವರೆಗೂ ಯಾಕಪ್ಪಾ, ಈಗ್ಲೇ ಹೋಗಿ ಕರ್ಕೊಂಡು ಬತ್ತೀವಿ' ಅಂದ್ಬುಟ್ಟು ಹೊರಟ್ರು."