ಕುಂಬಳಕಾಯಿಗೆ ಅತ್ತ ಆಸ್ಥಾನ

"ನನ್ನ ಪದ್ಯ ಕೇಳಿ ಕಣ್ಣು ಒದ್ದೆಯಾಗದ ಜೀವ ಈ ಗುಡ್ಡದ ಮೇಲಿಲ್ಲ. ಇದ್ದರೆ ಇಳಿದು ಹೋಗಲಿ" ಎಂದು ತೊರೆಗುಡ್ಡದ ಬಸವಂತ ನಾಯಕರು ಮೀಸೆ ತಿರುವಿದರು.

ನಾಯಕರ ಮುದ್ದಿನ ಗಿಳಿ ಸತ್ತಿತ್ತು. ಅದರ ಮೇಲೆ ಅವರು ಉದ್ದನೆಯ ಶೋಕಪದ್ಯ ಕಟ್ಟಿದ್ದರು. ಆ ಆಸ್ಥಾನದ ಪದ್ಧತಿಯೆಂದರೆ, ಪದ್ಯ ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಂದು ಕಣ್ಣೊರೆಸಿದ ಬಟ್ಟೆಯನ್ನು ಹಿತ್ತಾಳೆ ಬೋಗುಣಿಗೆ ಹಿಂಡಬೇಕು. ಹನಿ ಬೀಳದಿದ್ದರೆ ಅವರದು ಕಲ್ಲೆದೆ.

ಎಲ್ಲರಿಗಿಂತ ಜೋರಾಗಿ ಹಿಂಡುತ್ತಿದ್ದವನು ವಿದೂಷಕ ಮಂಚಯ್ಯ. ನಗಿಸುವ ಕೆಲಸಕ್ಕೆ ಸೇರಿದವನು ಈಗ ಅತ್ತು ಹೊಟ್ಟೆ ಹೊರೆಯುತ್ತಿದ್ದ. ಸೊಂಟದಲ್ಲಿ ಸದಾ ಒಂದು ಹೋಳು ಈರುಳ್ಳಿ. ತನ್ನ ದುಃಖ ಕಂಡು ಅವನಿಗೇ ನಗು ಬರುತ್ತಿತ್ತು. ಆಗ ಇನ್ನೊಮ್ಮೆ ಮೂಸುತ್ತಿದ್ದ.

ಅಂದು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲೇ ಕಾದು ನಿಂತಿದ್ದ ಅಡುಗೆಯ ಹೊನ್ನವ್ವನಿಗೂ ಸೆರಗು ಹಿಂಡಲು ಹೇಳಿದರು. ಸೆರಗು ಒಣಗಿತ್ತು.

"ಯಾಕೆ ಅಳಲಿಲ್ಲ?" ಎಂದರು ನಾಯಕರು.

"ಗಿಣಿ ಸತ್ತದ್ದು ನಿಮ್ಮ ಹೋಳಿಗೆ ತಿಂದು ಬುದ್ಧಿ. ದಿನಾ ತಿನ್ನಿಸ್‌ಬ್ಯಾಡಿ ಅಂತ ಬಡ್ಕೊಂಡೆ, ಕೇಳ್ನಿಲ್ಲ. ಈಗ ಅತ್ರೆ ಅದು ಬಂದಾತಾ? ಸಾರು ಆರೋಯ್ತಾ ಅದೆ, ಏಳಿ."

ನಾಯಕರ ಮುಖ ಕೆಂಪಾಯಿತು. "ಕಲ್ಲೆದೆಯವಳ ಕೈಯ ಅನ್ನ ನನಗೆ ಬೇಡ. ನಾಳೆ ಸಂಜೆಯೊಳಗೆ ಗುಡ್ಡ ಇಳಿ."

ತಬ್ಬಲಿಯಾಗಿ ಬಂದ ಮಂಚಯ್ಯನಿಗೆ ತುತ್ತಿಟ್ಟು ಸಾಕಿದವಳು ಹೊನ್ನವ್ವ. ಗುಡ್ಡದ ಕೆಳಗೆ ಅವಳಿಗೆ ತನ್ನವರೆಂಬವರು ಯಾರೂ ಇರಲಿಲ್ಲ. ನಿಜವಾಗಿ ಅಳಬೇಕಾದ ಈ ಹೊತ್ತಿನಲ್ಲಿ ಅವನ ಕಣ್ಣಿಂದ ಒಂದು ಹನಿಯೂ ಬರಲಿಲ್ಲ. ಇಷ್ಟು ವರ್ಷ ಕಲಿತ ವಿದ್ಯೆ ಇದೇನಾ ಎಂದು ನಾಚಿಕೆಯಾಯಿತು.

"ಮಹಾಸ್ವಾಮಿ, ನಾಳೆಯ ಅಡುಗೆ ನನಗೆ ಬಿಡಿ" ಎಂದು ಕೈಮುಗಿದ. "ಮೆತ್ತನೆಯ ಮನಸ್ಸಿನವರು ಮಾಡಿದರೇ ಅನ್ನಕ್ಕೆ ರುಚಿ."

ನಾಯಕರು ಮೆಚ್ಚಿ ಒಪ್ಪಿದರು.

ಮರುದಿನ ಎಲೆ ಹಾಕಿಯಾಯಿತು, ಎಲೆಯ ಮೇಲೆ ಏನೂ ಬೀಳಲಿಲ್ಲ. ಬಹಳ ಹೊತ್ತಾದ ಮೇಲೆ ಮಂಚಯ್ಯ ಕುಂಬಳಕಾಯಿಯೊಂದನ್ನು ಮಗುವಿನಂತೆ ಎತ್ತಿಕೊಂಡು ಅಳುತ್ತಾ ಬಂದ.

"ಹೆಚ್ಚಲು ಕೈ ಬರಲಿಲ್ಲ ಮಹಾಸ್ವಾಮಿ. ಇದು ತಬ್ಬಲಿ. ತಾಯಿಬಳ್ಳಿಯಿಂದ ಕಿತ್ತು ತಂದಿದ್ದಾರೆ" ಎಂದವನೇ ಅಲ್ಲೇ ಕೂತು ರಾಗವಾಗಿ ಹಾಡತೊಡಗಿದ.

ಅಳದಿದ್ದರೆ ಏನಾಗುತ್ತದೆಂದು ಆಸ್ಥಾನ ನಿನ್ನೆಯಷ್ಟೇ ನೋಡಿತ್ತು. ಎಲ್ಲರೂ ಬಿಕ್ಕಿದರು. ಮೊದಲ ನುಡಿಗೆ ನಾಯಕರೂ ಕಣ್ಣೊರೆಸಿಕೊಂಡರು. ಎರಡನೆಯದಕ್ಕೆ ಹೊಟ್ಟೆ ಚುರುಗುಟ್ಟಿತು. ಮಂಚಯ್ಯ ಬಳ್ಳಿಯ ಬಾಲ್ಯವನ್ನು ವರ್ಣಿಸಲು ಹೊರಟಾಗ ಅವರು ಕೈ ಎತ್ತಿದರು.

"ಸಾಕು. ಸೇನಾಪತಿಗಳೇ, ನೀವು ಹೆಚ್ಚಿ."

ಸೇನಾಪತಿ ಕತ್ತಿ ಹಿರಿದ. ಬೋಗುಣಿಯತ್ತ ನೋಡಿದ. ಕತ್ತಿಯನ್ನು ಮತ್ತೆ ಒರೆಗೆ ಸೇರಿಸಿ, "ರಣದಲ್ಲಿ ತಲೆ ತೆಗೆದಿದ್ದೇನೆ ಪ್ರಭು. ತಬ್ಬಲಿ ಕುಂಬಳಕಾಯಿ ನನ್ನಿಂದಾಗದು" ಎಂದು ಗೋಳಾಡಿದ.

ನಾಯಕರ ತಾಳ್ಮೆ ಕೆಟ್ಟಿತು. "ಈ ಗುಡ್ಡದ ಮೇಲೆ ಅಳದೆ ಒಂದು ಕುಂಬಳಕಾಯಿ ಹೆಚ್ಚುವವರು ಯಾರೂ ಇಲ್ಲವೇ?"

ಮಂಚಯ್ಯ ಮೂಗೊರೆಸಿಕೊಂಡ. "ಒಬ್ಬಳಿದ್ದಾಳೆ ಮಹಾಸ್ವಾಮಿ. ಅಳಲಿಲ್ಲವೆಂದು ತಾವೇ ಇವತ್ತು ಸಂಜೆಗೆ ಗುಡ್ಡ ಇಳಿಸುತ್ತಿದ್ದೀರಿ."

ನಾಯಕರು ಅವನನ್ನೇ ದಿಟ್ಟಿಸಿದರು. ಆಮೇಲೆ ಖಾಲಿ ಎಲೆಯನ್ನು ನೋಡಿಕೊಂಡರು. "ಕರೆಸು ಅವಳನ್ನು. ಇನ್ನು ಅವಳನ್ನು ಯಾರೂ ಇಳಿಸುವಂತಿಲ್ಲ, ನಾನೂ ಸೇರಿ."

ಹೊನ್ನವ್ವ ಬಟ್ಟೆಗಂಟು ಮೂಲೆಗಿಟ್ಟು ಅಡುಗೆಮನೆ ಹೊಕ್ಕಳು. ಸ್ವಲ್ಪ ಹೊತ್ತಿಗೆ ಖಾಲಿ ಬುಟ್ಟಿ ಹಿಡಿದು ಬಂದಳು.

"ಹುಳಿಗೆ ಈರುಳ್ಳಿ ಇಲ್ಲ ಬುದ್ಧಿ. ಎಷ್ಟು ತಂದಿಟ್ರೂ ಈ ಮನೇಲಿ ನಿಲ್ಲಾಕಿಲ್ಲ."

ಮಂಚಯ್ಯ ತಲೆ ತಗ್ಗಿಸಿ ಸೊಂಟದ ಹೋಳನ್ನು ಬುಟ್ಟಿಗೆ ಹಾಕಿದ. ಅವನನ್ನು ನೋಡಿ ಸೇನಾಪತಿಯೂ ಒಂದು ತೆಗೆದ. ಈರುಳ್ಳಿಯ ವಾಸನೆಯೇ ಆಗದ ಜೋಯಿಸರ ಗಂಟಿನಿಂದ ಎರಡು ಬಂದವು. ನೋಡನೋಡುತ್ತಿದ್ದಂತೆ ಬುಟ್ಟಿ ತುಂಬಿತು.

ನಾಯಕರು ಎದ್ದು ಬಂದು ಬುಟ್ಟಿಯೊಳಗೆ ಇಣುಕಿದರು. ಮೀಸೆಯಡಿಯಲ್ಲಿ ಮೊದಲು ತುಟಿ ಅದುರಿತು, ಆಮೇಲೆ ಹೊಟ್ಟೆ ಕುಲುಕಿತು. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು.

"ಹೋಗಲಿ ಬಿಡು ಹೊನ್ನವ್ವ" ಎಂದರು. "ನನ್ನ ಕಾವ್ಯದಿಂದ ಒಂದು ಹುಳಿಯಾದರೂ ಆಯಿತಲ್ಲ."